ಗೋಪುರಕ್ಕೆ ಹೊದಿಸಿದ ರಗ್ಗು

ದೀಪದಯ್ಯನ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ ಪರದೆಗಳನ್ನು ಒಗೆಯಲು ಹಾಕಿದ್ದಳು. ತಪಾಸಣೆಗೆ ಸಾಹೇಬರು ಬರುವ ದಿನ ಪರದೆ ಮಸಿಹಿಡಿದಿದ್ದರೆ ಯಾರ ಮರ್ಯಾದೆ ಹೋಗುತ್ತದೆ? ಆದರೆ ಸೋಡಾ ಹಾಕಿದ ಬಿಸಿನೀರಿನಿಂದ ಎತ್ತುವಷ್ಟರಲ್ಲಿ ಹನ್ನೆರಡೂ ಚಿಂದಿಯಾಗಿ ಕೈಗೆ ಬಂದವು.

"ಅಯ್ಯೋ ಮಹರಾಯ್ತಿ, ಇವತ್ತೇ ಆಗ್ಬೇಕಿತ್ತಾ?"

"ಪರದೆ ತಾನೇ ರೀ, ಹೋದ್ರೆ ಹೋಗ್ಲಿ ಬಿಡಿ."

ಹೋಗಲಿ ಎಂದು ಬಿಡುವಂಥ ಪರದೆಯೇ ಅದು? ಆ ಪುಟ್ಟ ದ್ವೀಪದ ದೀಪಸ್ತಂಭಕ್ಕೆ ನೂರೈವತ್ತು ವರ್ಷ. ತುದಿಯ ಕೋಣೆಯಲ್ಲಿ ಆಳೆತ್ತರದ ಗಾಜಿನ ಮಸೂರ. ಸಣ್ಣ ದೀಪದ ಬೆಳಕನ್ನು ಹದಿನೈದು ಮೈಲಿ ಎಸೆಯುವ ಆ ಗಾಜಿಗೆ ಹಗಲು ಬಿಸಿಲು ತಗುಲಿದರೆ ಕೋಣೆಯೊಳಗಿನದನ್ನೇ ಸುಡುತ್ತದೆ. ಅದಕ್ಕೇ ಬೆಳಗಾದ ಕೂಡಲೇ ಸುತ್ತಲಿನ ಕಿಟಕಿಗಳಿಗೆಲ್ಲ ಪರದೆ ಎಳೆಯಬೇಕೆಂಬುದು ಅಲ್ಲಿನ ಮೊದಲ ನಿಯಮ. ದೀಪ ನೋಡಿಕೊಳ್ಳುವ ಕೆಲಸದ ದೀಪದಯ್ಯ ಏದುಸಿರು ಬಿಡುತ್ತಾ ನೂರ ಅರವತ್ತೆಂಟು ಮೆಟ್ಟಿಲು ಹತ್ತಿ ನೋಡಿದರೆ, ಗೂಟದಲ್ಲಿದ್ದ ಅವನ ಸರ್ಕಾರಿ ಟೋಪಿ ಆಗಲೇ ಹೊಗೆಯಾಡುತ್ತಿತ್ತು.

ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಸಾಹೇಬರ ದೋಣಿ. ಅವರ ಜೇಬಿನಲ್ಲಿ ದೀಪದಯ್ಯನ ವರ್ಗಾವಣೆಯ ಕಾಗದ. ದಡದ ಆಫೀಸಿಗೆ ವರ್ಗ. ಆಫೀಸಿನ ಪಕ್ಕದಲ್ಲೇ ಮಗಳ ಶಾಲೆ. ನಾಲ್ಕು ವರ್ಷದಿಂದ ಹಾಸ್ಟೆಲಿನಲ್ಲಿದ್ದ ಆ ಹುಡುಗಿ ಕಳೆದ ರಜೆಗೆ ಬಂದು, ಎರಡೇ ದಿನಕ್ಕೆ "ಮನೆಗೆ ಯಾವಾಗ ಹೋಗೋದಪ್ಪಾ?" ಎಂದು ಕೇಳಿದ್ದಳು. ಅವಳು ಮನೆ ಎಂದದ್ದು ಹಾಸ್ಟೆಲಿಗೆ. ಅಂದಿನಿಂದ ದೀಪದಯ್ಯನಿಗೆ ಊಟ ಸೇರುತ್ತಿರಲಿಲ್ಲ. ಈಗ ಪರದೆಯಿಲ್ಲದ ಕೋಣೆ ಕಣ್ಣಿಗೆ ಬಿದ್ದರೆ ಸಾಹೇಬರು ಆ ಕಾಗದವನ್ನು ಜೇಬಿನಿಂದ ತೆಗೆಯುವುದೇ ಇಲ್ಲ.

ದ್ವೀಪದಲ್ಲಿದ್ದ ಇನ್ನೊಂದೇ ಸಂಸಾರವೆಂದರೆ ವೈರ್‌ಲೆಸ್‌ನವನು ಮತ್ತು ಅವನ ತಾಯಿ. ಪಕ್ಕದ ಮನೆಯಲ್ಲಿ ಲೋಟ ಬಿದ್ದರೂ ಬಂದು ವಿಚಾರಿಸುವ ಅಜ್ಜಿ ಅದು. ಬಂದೇಬಿಟ್ಟಿತು.

"ಬೆಡ್‌ಶೀಟ್ ಕಟ್ಟಪ್ಪಾ! ಬಟ್ಟೆಗೇನು ಬರವಾ?"

ಶುರುವಾಯಿತು ಓಡಾಟ. ಹೂವಿನ ಬೆಡ್‌ಶೀಟು, ಗಿಳಿಯ ಬೆಡ್‌ಶೀಟು, ಮೇಜಿನ ಹೊದಿಕೆ, ಟವೆಲು. ವೈರ್‌ಲೆಸ್‌ನವನು ಏಣಿ ಹತ್ತಿದ, ದೀಪದಯ್ಯ ಏಣಿ ಹಿಡಿದ, ಅಜ್ಜಿ ಕೆಳಗಿನಿಂದಲೇ ಕೂಗಿ ಇಬ್ಬರನ್ನೂ ಬೈದಳು. ಹನ್ನೊಂದು ಕಿಟಕಿ ಮುಚ್ಚಿದವು. ಕೊನೆಯದು, ದಡದ ಕಡೆಯದು, ಉಳಿಯಿತು.

"ತಗೊಳ್ರೋ, ನನ್ನ ರಗ್ಗು. ಒಳ್ಳೇ ಕಂದು ಬಣ್ಣ, ಕೊಳೇನೂ ಕಾಣಲ್ಲ."

ಅದನ್ನೂ ಬಿಗಿದು, ದೀಪದಯ್ಯ ಸುಟ್ಟ ಟೋಪಿಯ ತೂತನ್ನು ಹಿಂದಕ್ಕೆ ತಿರುಗಿಸಿಕೊಂಡು ದೋಣಿಕಟ್ಟೆಗೆ ಓಡಿದ. ಉಳಿದವರೂ ಹಿಂದೆ ಬಂದರು. ದೂರದಲ್ಲಿ ದೋಣಿ ಕಂಡಿತು. ಕಾಲು ದಾರಿ ಬಂದಿತೋ ಇಲ್ಲವೋ, ಅಲ್ಲೇ ನಿಂತಿತು.

"ಯಾಕ್ರೀ ನಿಂತ್ರು?" ಎಂದಳು ಹೆಂಡತಿ.

"ದಾರಿ ತಪ್ಪಿರ್ಬೇಕು. ಕೈ ಬೀಸೇ, ಬೀಸು!"

ನಾಲ್ವರೂ ಕೈ ಬೀಸಿದರು. ದೋಣಿ ತಿರುಗಿತು. ದೀಪದಯ್ಯ ಟೋಪಿ ಬೀಸುತ್ತಾ ಕುಣಿದ, ವೈರ್‌ಲೆಸ್‌ನವನು ಸಿಳ್ಳೆ ಹೊಡೆದ. ಇವರು ಕುಣಿದಷ್ಟೂ ದೋಣಿ ಜೋರಾಗಿ ದಡದತ್ತ ಓಡಿತು.

ಕಂಗಾಲಾದ ದೀಪದಯ್ಯ ಹಿಂದಿರುಗಿ ಗೋಪುರ ನೋಡಿದ. ಒಳಗಿನಿಂದ ಕಂದಾಗಿದ್ದ ರಗ್ಗಿನ ಹಿಂಬದಿ, ಗಾಜಿನಾಚೆಗೆ, ಕೆಂಪಗೆ ಹೊಳೆಯುತ್ತಿತ್ತು. ಗೋಪುರದಲ್ಲಿ ಕೆಂಪು ಬಟ್ಟೆ ಕಂಡರೆ ಅಪಾಯ, ತಕ್ಷಣ ಹಿಂದಿರುಗಬೇಕು ಎಂಬುದು ಆ ಸಮುದ್ರದ ಪ್ರತಿ ದೋಣಿಯವನಿಗೂ ಗೊತ್ತು.

"ಅಜ್ಜೀ! ಆ ಕಡೆ ಕೆಂಪು ಅಂತ ಹೇಳ್ಬಾರ್ದಿತ್ತಾ?"

"ನೀನು ಕೇಳಿದ್ಯಾ? ಬೆಚ್ಚಗಿರೋದೇ ಆ ಕಡೆ."

ಸುಳ್ಳು ಅಪಾಯದ ಗುರುತು ತೋರಿಸಿದವನಿಗೆ ಕೆಲಸದಿಂದಲೇ ಗೇಟ್‌ಪಾಸು. ವರ್ಗಾವಣೆ ಹಾಳಾಗಲಿ, ನೌಕರಿ ಉಳಿದರೆ ಸಾಕೆಂದು ದೀಪದಯ್ಯ ಮಧ್ಯಾಹ್ನವೆಲ್ಲ ವೈರ್‌ಲೆಸ್ ಕೋಣೆಯಲ್ಲಿ ಶತಪಥ ಹಾಕಿದ. ಎರಡು ಗಂಟೆಗೆ ಯಂತ್ರ ಗರಗರ ಎಂದಿತು.

"ಭಲೇ ಕಣ್ರೀ!" ಸಾಹೇಬರ ದನಿ ನಡುಗುತ್ತಿತ್ತು. "ದಡಕ್ಕೆ ಬಂದು ಹಲಗೆ ಎತ್ತಿದ್ರೆ ದೋಣಿ ತುಂಬಾ ನೀರು, ತಳಾನೇ ಸೀಳಿತ್ತು! ಇನ್ನೊಂದು ಮೈಲಿ ಬಂದಿದ್ರೆ ನಾವು ಮೀನಿನ ಪಾಲು. ಅಷ್ಟು ದೂರದಿಂದ ದೋಣಿ ತಗ್ಗಿದ್ದು ಕಂಡ್ರಲ್ಲ! ದುರ್ಬೀನಲ್ಲಿ ನೋಡ್ದೆ, ಪಾಪ, ಎಷ್ಟು ಹಾರಾಡ್ತಿದ್ರಿ!"

"ಸರ್, ಅದು... ರಗ್ಗು..."

ವೈರ್‌ಲೆಸ್‌ನವನು ಅವನ ಬಾಯಿ ಒತ್ತಿ ಹಿಡಿದು ಪಿಸುಗುಟ್ಟಿದ: "ಕೆಲಸ ಹೋಗತ್ತೆ, ಸುಮ್ನಿರಯ್ಯಾ!"

"ಇಂಥ ಕಣ್ಣು ಆಫೀಸಲ್ಲಿ ಫೈಲ್ ನೋಡಿ ಹಾಳಾಗ್ಬೇಕಾ?" ಸಾಹೇಬರು ಮುಂದುವರಿಸಿದರು. "ನಿಮ್ಮ ವರ್ಗಾವಣೆ ಕಾಗದ ನನ್ನ ಕೈಯಾರೆ ಹರಿದು ಹಾಕ್ದೆ. ರಿಟೈರಾಗೋವರೆಗೂ ನೀವು ಅಲ್ಲೇ! ವರ್ಗದ ಪಟ್ಟೀಲಿ ಎರಡನೇ ಹೆಸರು ವೈರ್‌ಲೆಸ್‌ನವರದ್ದು. ಸೋಮವಾರ ಅವರನ್ನ ಕಳಿಸ್ಕೊಡಿ."

ಬಾಯಿಯ ಮೇಲಿದ್ದ ಕೈ ಮೆಲ್ಲಗೆ ಸಡಿಲವಾಯಿತು. ನಿಜ ಹೇಳಿದರೆ ನೌಕರಿಯೇ ಹೋಗುತ್ತದೆಂದು ದೀಪದಯ್ಯ "ಆಗ್ಲಿ ಸರ್" ಎಂದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅಜ್ಜಿ ಬಂದು ಅವನ ಬೆನ್ನು ಸವರಿದಳು.

"ಬೇಜಾರಾಗ್ಬೇಡಪ್ಪಾ. ಶಾಲೆ ಪಕ್ಕದಲ್ಲೇ ಇರ್ತೀವಲ್ಲ, ನಿನ್ನ ಮಗಳನ್ನ ದಿನಾ ನೋಡ್ತಿರ್ತೀನಿ. ಮನೆಗೇ ಕರ್ಕೊಂಡು ಬಂದುಬಿಡ್ತೀನಿ, ಹಾಸ್ಟೆಲ್ ಯಾಕೆ ಮಗೂಗೆ?"