ಬೀವರ್ ಹಳ್ಳದ ಸೇತುವೆ ಮತ್ತು ಅಭ್ಯರ್ಥಿಗಳ ಹೋಲಿಕೆ

ನಮ್ಮ ಪಕ್ಷದ ನಾರ್ಬಿ ಊರಿನ ಘಟಕವು ಹಾಲಿ ಶಾಸಕರನ್ನೂ ಅವರ ವಿರುದ್ಧ ನಿಂತ ಮೂವರನ್ನೂ ಸಂಪೂರ್ಣ ನಿಷ್ಪಕ್ಷಪಾತವಾಗಿ ಹೋಲಿಸಿತು ಎಂಬುದು ಸತ್ಯ. ನಾನು ಅಲ್ಲೇ ಇದ್ದೆ. ವೀಕ್ಷಕ ನಾನೇ.

ಮಿನ್ನೆಸೋಟಾದಲ್ಲಿ ಆಗಸ್ಟಿಗೆ ಪಕ್ಷದೊಳಗಿನ ಚುನಾವಣೆ. ಅದರಲ್ಲಿ ಗೆದ್ದವರು ನವೆಂಬರಿನಲ್ಲಿ ಪಕ್ಷದ ಪರವಾಗಿ ನಿಲ್ಲಬೇಕು. ನಮ್ಮ ಕ್ಷೇತ್ರದಲ್ಲಿ ಎದುರು ಪಕ್ಷದವರು ಯಾರೂ ನಿಲ್ಲುವುದಿಲ್ಲ. ಸುಮ್ಮನೆ ಯಾಕೆ ತೊಂದರೆ ಕೊಡುವುದು ಎಂದು. ಹಾಗಾಗಿ ಆಗಸ್ಟಿನಲ್ಲಿ ಗೆದ್ದವರೇ ಶಾಸಕರು. ವರ್ಲಿನ್ ಹಾಗ್‌ಸ್ಟಾಡ್ ಬಹಳ ವರ್ಷದಿಂದ ಶಾಸಕ. ಒಳ್ಳೆಯ ಮನುಷ್ಯ. ಏನೂ ಮಾಡಿಲ್ಲ.

ನನಗೆ ಬೇಕಾಗಿದ್ದು ಸೇತುವೆ. ಮಾರ್ಚಿನಲ್ಲಿ ನನ್ನ ಹೆಂಡತಿ ಆರ್ಡಿಸ್ ಹೋದಳು. ಅವಳ ಗೋರಿ ಬೀವರ್ ಹಳ್ಳದ ಆಚೆ. ಮನೆ ಈಚೆ. ನಡುವೆ ಒಂದು ಸೇತುವೆ. ನಡೆದರೆ ಕಾಫಿ ಆರುವಷ್ಟರಲ್ಲಿ ಮುಟ್ಟಬಹುದು. ಮೇ ತಿಂಗಳಲ್ಲಿ ರಸ್ತೆ ಇಲಾಖೆಯವರು ಬಂದು 'ಸೇತುವೆ ಮುಚ್ಚಿದೆ' ಎಂದು ಬೋರ್ಡು ನಿಲ್ಲಿಸಿದರು. ಬೇಲಿ ಇಲ್ಲ, ಕಾವಲಿಲ್ಲ. ಆದರೆ ಬೋರ್ಡು ಇದೆಯಲ್ಲ. ಹಾಗಾಗಿ ಯಾರೂ ದಾಟುವುದಿಲ್ಲ. ಜಿಂಕೆಗಳು ದಾಟುತ್ತವೆ. ಅವಕ್ಕೆ ಓದು ಬರುವುದಿಲ್ಲ.

ಸುತ್ತಿ ಹೋಗಲು ಕಾರು ಬೇಕು. ಕಣ್ಣಿಗೆ ಪೊರೆ ಬಂದ ಮೇಲೆ ನಾನು ಓಡಿಸುವುದಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳುವುದು ನಮ್ಮಲ್ಲಿ ಇಲ್ಲ.

ಮೊದಲು ಘಟಕದ ಸಮಿತಿಯವರು ಅಗ್ನಿಶಾಮಕ ಠಾಣೆಯಲ್ಲಿ ಪ್ರಶ್ನೋತ್ತರ ಇಟ್ಟರು. ಕೋಳಿ ಸಾಕುವ ಕರ್ಟಿಸ್ ವೆಂಡ್‌ಲಾಂಟ್, ವಿಮೆ ಮಾರುವ ಜೋಲೀನ್ ಸ್ಯಾಥರ್, ಶಾಲೆ ಬಸ್ಸು ಓಡಿಸುವ ಮಾರ್ಲಿಸ್ ಪ್ರಿಬಿಲ್, ಜೊತೆಗೆ ವರ್ಲಿನ್. ತೆರಿಗೆ ಕಡಿಮೆ ಇರಬೇಕು ಎಂದರು ನಾಲ್ವರೂ. ರಸ್ತೆ ಚೆನ್ನಾಗಿರಬೇಕು ಎಂದರು. ಕೆರೆಯಲ್ಲಿ ಮೀನಿರಬೇಕು ಎಂದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು "ಅದೇ ನಾನೂ ಹೇಳೋಣ ಅಂತಿದ್ದೆ" ಎಂದರು. ಆಮೇಲೆ ಕುರ್ಚಿ ಮಡಚುವಾಗ ಮಾರ್ಲಿಸ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಎಲ್ಡನ್, ನಾನು ಗೆದ್ರೆ ಮೊದ್ಲು ಆ ಸೇತುವೆ ಕಣೋ. ದಿನಾ ಮಕ್ಕಳನ್ನ ಕೂರಿಸ್ಕೊಂಡು ಊರೆಲ್ಲ ಸುತ್ತಿ ಸುತ್ತಿ ನನ್ನ ಸೊಂಟ ಬಿದ್ದೋಯ್ತು."

"ಅದನ್ನ ಮೈಕ್‌ನಲ್ಲಿ ಯಾಕೆ ಹೇಳ್ಲಿಲ್ಲ?"

"ವರ್ಲಿನ್ ಎದುರಿಗೇ ಕೂತಿದ್ನಲ್ಲೋ, ಪಾಪ."

ಹೋಲಿಸಲು ಏನೂ ಸಿಗದ ಕಾರಣ ಸಮಿತಿಯ ಅಧ್ಯಕ್ಷೆ ಲವರ್ನ್ ಕುಚೇರಾ ಪ್ರಕಟಣೆ ಹೊರಡಿಸಿದಳು.

'ಪ್ರತಿ ಅಭ್ಯರ್ಥಿಯೂ ಒಂದು ಪಾತ್ರೆ ಹಾಟ್‌ಡಿಶ್ ಮಾಡಿ ಚರ್ಚಿನ ನೆಲಮಾಳಿಗೆಗೆ ತರತಕ್ಕದ್ದು. ಯಾರ ಪಾತ್ರೆ ಮೊದಲು ಖಾಲಿಯಾಗುತ್ತದೋ ಅವರಿಗೆ ಘಟಕದ ಬೆಂಬಲ. ರುಚಿಯ ಬಗ್ಗೆ ಅಭಿಪ್ರಾಯ ಹೇಳತಕ್ಕದ್ದಲ್ಲ, ಅದು ಮನಸ್ತಾಪಕ್ಕೆ ದಾರಿ. ಯಾವ ಪಾತ್ರೆಯೂ ಖಾಲಿಯಾಗದಿದ್ದಲ್ಲಿ ಹಾಲಿ ಶಾಸಕರಿಗೇ ಬೆಂಬಲ ಎಂದು ಭಾವಿಸತಕ್ಕದ್ದು.'

ಹಾಟ್‌ಡಿಶ್ ಎಂದರೆ ಮದುವೆಗೂ ಸಾವಿಗೂ ನಾವು ಓವನ್ನಿನಲ್ಲಿ ಬೇಯಿಸಿ ಒಯ್ಯುವ ಪಾತ್ರೆಯೂಟ. ನನ್ನನ್ನು ವೀಕ್ಷಕನಾಗಿ ನೇಮಿಸಿದರು. ಆರ್ಡಿಸ್ ಸತ್ತಾಗ ಊರವರು ತಂದುಕೊಟ್ಟ ಹಾಟ್‌ಡಿಶ್ ಇನ್ನೂ ನನ್ನ ಫ್ರೀಜರಿನಲ್ಲಿ ಇಟ್ಟಿಗೆಯ ಹಾಗೆ ಜೋಡಿಸಿದೆ. ಅನುಭವ ನೋಡಿ ಕೊಟ್ಟ ಹುದ್ದೆ ಅದು.

ಜನ ತುಂಬಿದ್ದರು. ಖೈಮಾ, ಅಣಬೆ ಸೂಪು, ಮೇಲೆ ಗರಿಗರಿ ಆಲೂಗಡ್ಡೆ. ನಾಲ್ಕೂ ಪಾತ್ರೆಯಲ್ಲಿ ಅದೇ. ಎಲ್ಲರೂ ನಾಲ್ಕರಿಂದಲೂ ಸಮನಾಗಿ ಬಡಿಸಿಕೊಂಡರು. ಯಾರಿಗೂ ಬೇಸರವಾಗಬಾರದು. ನಾಲ್ಕು ಪಾತ್ರೆಯೂ ಒಟ್ಟಿಗೆ ಇಳಿದವು. ಒಟ್ಟಿಗೆ ಕೊನೆಯ ತುಂಡಿಗೆ ಬಂದವು. ಅಲ್ಲಿಗೆ ನಿಂತವು.

ಕೊನೆಯ ತುಂಡು ತಿನ್ನುವುದು ನಮ್ಮಲ್ಲಿ ಇಲ್ಲ. ಬ್ಯಾಂಕು ದೋಚಿದವನನ್ನು ಒಂದು ಸಲ ಕ್ಷಮಿಸಿದ್ದೇವೆ. ಕೊನೆಯ ತುಂಡು ತಿಂದವನನ್ನು ಕ್ಷಮಿಸಿಲ್ಲ.

"ನಂಗೆ ಅರ್ಧ ಸಾಕಪ್ಪ" ಎಂದು ಲವರ್ನ್ ಮಾರ್ಲಿಸಳ ಪಾತ್ರೆಯ ತುಂಡನ್ನು ಚಾಕುವಿನಿಂದ ಎರಡು ಮಾಡಿ ಒಂದನ್ನು ತಿಂದಳು. ಕರ್ಟಿಸ್ ಬಂದು ಉಳಿದದ್ದರಲ್ಲಿ ಅರ್ಧ ಮಾಡಿದ. "ಇಷ್ಟೇ. ಮನೇಲಿ ತಿಂದ್ಕೊಂಡೇ ಬಂದೆ" ಎಂದ. ಜೋಲೀನ್ ಅದರಲ್ಲೂ ಅರ್ಧ ಮಾಡಿದಳು. ನಾಲ್ಕು ಪಾತ್ರೆಗೂ ಇದೇ ಆಯಿತು. ಕೊನೆಗೆ ತುಂಡು ಬಟಾಣಿಯಷ್ಟಾಯಿತು. ಪಾದ್ರಿಗಳು ಕನ್ನಡಕ ಹಾಕಿಕೊಂಡು ಬಂದು ಬಟಾಣಿಯನ್ನು ಸರಿಯಾಗಿ ಎರಡು ಮಾಡಿದರು. ಎಲ್ಲರೂ ಮೆಚ್ಚಿದರು.

"ಇನ್ನೂ ತೆಳ್ಳಗಿರೋ ಚಾಕು ಇದೆಯಾ?" ಎಂದು ಕರ್ಟಿಸ್ ಅಡುಗೆಮನೆಗೆ ಕೂಗಿದ.

"ಮೀನು ಸೀಳೋದಿದೆ, ಆಗುತ್ತಾ?"

"ಆಗುತ್ತೆ, ತಾ."

ವರ್ಲಿನ್ ಗೋಡೆಗೆ ಒರಗಿ ಕಾಫಿ ಕುಡಿಯುತ್ತಿದ್ದ. ಅವನಿಗೆ ಅವಸರವಿರಲಿಲ್ಲ. ಯಾವ ಪಾತ್ರೆಯೂ ಖಾಲಿಯಾಗುವುದಿಲ್ಲ ಎಂದು ಅವನಿಗೆ ಗೊತ್ತು. ಇಷ್ಟು ವರ್ಷ ಅವನು ಗೆದ್ದದ್ದೇ ನಮ್ಮ ಮರ್ಯಾದೆಯ ಮೇಲೆ.

ಲವರ್ನ್ ಗಡಿಯಾರ ನೋಡಿದಳು. ನಾನು ಆರ್ಡಿಸಳನ್ನು ನೆನೆದೆ. ಎದ್ದೆ. ಮಾರ್ಲಿಸಳ ಪಾತ್ರೆಯ ಹತ್ತಿರ ಹೋದೆ. ಉಳಿದದ್ದನ್ನು ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡೆ.

ಚಾಕು ತರುತ್ತಿದ್ದವಳು ಅಲ್ಲೇ ನಿಂತಳು.

"ಚೆನ್ನಾಗಿತ್ತು" ಎಂದೆ. ಅದು ಇನ್ನೂ ದೊಡ್ಡ ತಪ್ಪಾಯಿತು.

"ಪಾಪ ಎಲ್ಡನ್" ಎಂದಳು ಲವರ್ನ್, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ. "ಅವ್ಳು ಹೋದ್ಮೇಲೆ ಹೊಟ್ಟೆಗೆ ಸರಿಯಾಗಿ ಬೀಳ್ತಿಲ್ಲ."

ಆದರೆ ನಿಯಮ ನಿಯಮವೇ. ಮಾರ್ಲಿಸಳಿಗೆ ಘಟಕದ ಬೆಂಬಲ ಘೋಷಣೆಯಾಯಿತು. ಅವಳು ಮುಖ ಕೆಂಪಾಗಿ ಕುಳಿತಳು. ಎಲ್ಲರೂ ಹೋಗಿ ವರ್ಲಿನ್‌ನ ಭುಜ ತಟ್ಟಿದರು.

ಆಗಸ್ಟಿನಲ್ಲಿ ಮತದಾನ ನಡೆಯಿತು. ಎಲ್ಲರೆದುರು ಒಬ್ಬ ಮನುಷ್ಯನ ಪಾತ್ರೆ ಹಾಗೆ ಉಳಿದುಹೋದ ಮೇಲೆ ಅವನ ವಿರುದ್ಧ ವೋಟು ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಕರ್ಟಿಸ್ ವರ್ಲಿನ್‌ಗೆ ಹಾಕಿದ. ಜೋಲೀನ್ ವರ್ಲಿನ್‌ಗೆ ಹಾಕಿದಳು. ಮಾರ್ಲಿಸ್ ಕೂಡ. ನಮ್ಮಲ್ಲಿ ಮತದಾನ ಗುಪ್ತ. ನಾರ್ಬಿಯಲ್ಲಿ ಮಾರ್ಲಿಸಳಿಗೆ ಬಿದ್ದದ್ದು ಒಂದೇ ವೋಟು. ಅದು ಯಾರದ್ದೆಂದು ಎಲ್ಲರಿಗೂ ಗೊತ್ತು.

"ಯಾಕೋ ಹಾಗ್ಮಾಡ್ದೆ?" ಎಂದು ಮಾರ್ಲಿಸ್ ಬಸ್ಸು ನಿಲ್ಲಿಸಿ ಬೈದಳು. "ನಾನು ಅವನ ಎದುರು ಹೇಗೋ ಮುಖ ತೋರಿಸ್ಲಿ?"

ಮರುವಾರ ವರ್ಲಿನ್ ನನ್ನ ಮನೆಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಎಲ್ಡನ್, ನಿಂಗೆ ಸೇತುವೆ ವಿಷ್ಯದಲ್ಲಿ ಬೇಜಾರಂತೆ. ಭಾನುವಾರ ಉದ್ಘಾಟನೆ ಮಾಡ್ತೀನಿ."

"ರಿಪೇರಿಗೆ ದುಡ್ಡು ಬಂತಾ?"

"ಇಲ್ಲ ಮಾರಾಯ. ದುಡ್ಡು ಬಂದ್ಮೇಲೆ ಯಾರು ಬೇಕಾದ್ರೂ ಉದ್ಘಾಟನೆ ಮಾಡ್ತಾರೆ."

ಭಾನುವಾರ ಶಾಲೆಯ ಬ್ಯಾಂಡು ಬಂತು. ಸೇತುವೆಯ ನಡುವೆ ರಿಬ್ಬನ್ನು ಕಟ್ಟಿದರು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ರಸ್ತೆ ಇಲಾಖೆಯವರೇ ಬೋರ್ಡು ಕಿತ್ತು ಪೊದೆಯ ಹಿಂದೆ ಇಟ್ಟರು. ವರ್ಲಿನ್ ಕತ್ತರಿಸಿದ. ಭಾಷಣ ಶುರು ಮಾಡಿದ. ನಾನು ನಡೆದುಕೊಂಡು ಆಚೆ ಹೋದೆ.

ಗೋರಿಯ ಸುತ್ತ ಹುಲ್ಲು ಬೆಳೆದಿತ್ತು. ಕಿತ್ತೆ. ಟೊಮೆಟೊ ಈ ವರ್ಷ ಚೆನ್ನಾಗಿ ಬಂದಿದೆ ಎಂದೆ. ಇನ್ನೂ ಹೇಳುವುದಿತ್ತು. ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಓಡಿ ಬಂದೆ. ನಾನು ಈಚೆ ಬಂದ ಕೂಡಲೇ ಬೋರ್ಡು ನೆಟ್ಟರು.

"ವರ್ಲಿನ್, ಉದ್ಘಾಟನೆ ಸರಿಯಾಗ್ಲಿಲ್ಲ" ಎಂದೆ.

ಅವನ ಮುಖ ಬಾಡಿತು. "ಏನಾಯ್ತಯ್ಯ?"

"ಭಾಷಣ ಚಿಕ್ಕದಾಯ್ತು."

ಇಷ್ಟು ವರ್ಷದಲ್ಲಿ ಅವನಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಕಣ್ಣು ಒರೆಸಿಕೊಂಡ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಸೇತುವೆಯ ಉದ್ಘಾಟನೆ ಇದೆ. ಸದರಿ ಸೇತುವೆಯು ಸಂಚಾರಕ್ಕೆ ಅಯೋಗ್ಯ, ಉದ್ಘಾಟನೆಗೆ ಯೋಗ್ಯ ಎಂದು ಇಲಾಖೆ ಪ್ರಮಾಣೀಕರಿಸಿದೆ. ಆಚೆ ದಡದ ಜನ ಈಚೆ ಬಂದು ಅಂಗಡಿ ಸಾಮಾನು ಒಯ್ಯುತ್ತಾರೆ. ಮಾರ್ಲಿಸ್ ಬಸ್ಸು ತರುತ್ತಾಳೆ. ವರ್ಲಿನ್ ಮಾತಾಡುತ್ತಾನೆ. ನಾನು ಆರ್ಡಿಸಳ ಹತ್ತಿರ ಕುಳಿತಿರುತ್ತೇನೆ.

ಮುಂದಿನ ಸಲ ವರ್ಲಿನ್ ವಿರುದ್ಧ ಮತ್ತೆ ನಿಲ್ಲುತ್ತೇನೆ ಎಂದು ಜೋಲೀನ್ ಹೇಳಿದ್ದಾಳೆ. ಒಳ್ಳೆಯದು, ಪೈಪೋಟಿ ಇರಬೇಕು. ಆ ಬಾರಿ ಹಾಟ್‌ಡಿಶ್ ಬೇಡ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ಅಭ್ಯರ್ಥಿಗಳನ್ನು ಸೇತುವೆಯ ಮೇಲೆ ನಿಲ್ಲಿಸಿ ಹೋಲಿಸತಕ್ಕದ್ದು. ಯಾರು ಹೆಚ್ಚು ಹೊತ್ತು ಮಾತಾಡುತ್ತಾರೋ ನನ್ನ ವೋಟು ಅವರಿಗೆ.