ಡಿಡಿಟಿ ಹೊಡೆದ ಗೋಡೆಗಳು

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ವರ್ಷತೊಡಕಿನ ದಿನ. ಭೇರ್ಯದ ನಮ್ಮ ಮನೆಯೊಳಗೆ ಬಾಡು ಬೇಯುತ್ತಿತ್ತು, ಹೊರಗೆ ನಮ್ಮ ಮೇಷ್ಟ್ರು ನನ್ನ ಮೇಲೆ ದೂರು ಹೊತ್ತು ಅಪ್ಪನನ್ನು ಕಾಣಲು ಬರುತ್ತಿದ್ದರು. ಬಾಡಿನಾಸೆ ಬಿಟ್ಟು ಹಿತ್ತಿಲ ಬಾಗಿಲು ಹಿಡಿದೆ. ಓದು ಅಲ್ಲಿಗೆ ಮುಗಿಯಿತು. ಅಂದಿನಿಂದ ಯಾವ ಊರಿಗೆ ಹೋದರೂ ನಗೆಪಾಟಲು ನನಗಿಂತ ಮುಂಚೆ ಹೋಗಿ ಕಾಯುತ್ತಿರುತ್ತದೆ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಹುಣಸೂರಿನಲ್ಲಿ ಮಲೇರಿಯಾದವರು ಮನೆಮನೆಗೆ ಡಿಡಿಟಿ ಹೊಡೆಯಲು ಆಳು ಹುಡುಕುತ್ತಿದ್ದರು. ಹೆಗಲಿಗೆ ಪಂಪು ಸಿಕ್ಕಿತು. ಸೀಜನ್ ಮುಗಿದ ಮೇಲೆ ಒಬ್ಬನನ್ನು ಖಾಯಂ ಮಾಡುತ್ತೇವೆ ಎಂದರು ನಮ್ಮ ಇನ್ಸ್‌ಪೆಕ್ಟರು. ಒಂದೇ ಕಡೆ ನಿಲ್ಲಬೇಕೆಂಬ ಆಸೆ ನನಗೆ ಹುಟ್ಟಿದ್ದು ಆಗಲೇ, ಅದೊಂದೇ ಸಲ.

೧. ಅಜ್ಜಿಯ ಅಪ್ಪಣೆ

ಕೆ.ಆರ್. ನಗರದ ಕಡೆ ಒಬ್ಬ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಅಡುಗೆಮನೆಗೆ ಹೊಡೆಯಕೂಡದಂತೆ, ದೇವರ ಕೋಣೆಗಂತೂ ಕೂಡದು, ರಾಗಿ ತುಂಬಿದ ವಾಡೆ ಇರುವ ಕೋಣೆಗೆ ಕಾಲಿಡಲೂ ಕೂಡದು, ಕೊಟ್ಟಿಗೆಯಲ್ಲಿ ಹಸು ಗಬ್ಬವಾಗಿದೆ. ಇನ್ನೆಲ್ಲಿಗೆ ಹೊಡೆಯಲಿ ಎಂದು ಕೇಳಿದೆ.

“ಪಕ್ಕದಲ್ಲಿ ನಮ್ ವಾರಗಿತ್ತಿ ಮನೆ ಅದೆ, ಅಲ್ಲಿಗೆ ಹೊಡಿ ಕಣಪ್ಪ. ಸೊಳ್ಳೆ ಎಲ್ಲಾ ಅವಳೇ ಸಾಕವ್ಳೆ.”

೨. ತಿಗಣೆಯ ವಿಚಾರ

ಹುಣಸೂರಿನಲ್ಲಿ ಹಾಸಿಗೆ ಹೊಲಿಯುವ ಸಾಹೇಬರೊಬ್ಬರ ಮನೆಗೆ ಹೊಡೆದು ಬಂದೆವು. ವಾರ ಕಳೆಯುವುದರಲ್ಲಿ ಅವರು ಆಫೀಸಿಗೇ ಬಂದರು. ಸೊಳ್ಳೆ ಹೋಗಿವೆ, ಆದರೆ ಸಂದಿಯಲ್ಲಿದ್ದ ತಿಗಣೆಗಳೆಲ್ಲ ಈಚೆ ಬಂದು ಮನೆಯವರನ್ನು ಮಲಗಲು ಬಿಡುತ್ತಿಲ್ಲ ಎಂದರು. ಇನ್ಸ್‌ಪೆಕ್ಟರು ಕಾಗದದಿಂದ ತಲೆ ಎತ್ತದೆ, ನಮ್ಮ ಇಲಾಖೆಗೆ ಸೊಳ್ಳೆಯ ಆರ್ಡರ್ ಮಾತ್ರ ಬಂದಿದೆ, ತಿಗಣೆ ನಮಗೆ ಸೇರಿದ್ದಲ್ಲ ಎಂದರು.

ಸಾಹೇಬರು ಟೋಪಿ ಸರಿಮಾಡಿಕೊಂಡು, “ಆ ಆರ್ಡರು ತಿಗಣೆಗೂ ಒಂದ್ಸಲ ಓದಿ ಹೇಳ್ಬಿಡಿ ಸಾರ್. ಅವಕ್ಕೆ ಗೊತ್ತಾದಂಗಿಲ್ಲ” ಅಂದರು.

೩. ದೊಡ್ಡ ಸಾಹೇಬರ ಸವಾರಿ

ಬೆಟ್ಟದಪುರದ ಮಗ್ಗುಲಿನ ಹಳ್ಳಿಯಲ್ಲಿ ಕೊನೆಯ ಕೆಲಸ. ಮೈಸೂರಿನಿಂದ ದೊಡ್ಡ ಸಾಹೇಬರು ತನಿಖೆಗೆ ಬರುತ್ತಾರೆ, ನಿನ್ನ ಖಾಯಂ ಅವರ ಕೈಯಲ್ಲಿದೆ ಎಂದರು ಇನ್ಸ್‌ಪೆಕ್ಟರು. ಒಂದು ಗೋಡೆ ಬಿಡದೆ ಹೊಡೆದೆ. ಹೊಡೆದ ಗುರುತಿಗೆ ಬಾಗಿಲ ಪಕ್ಕ ಮಸಿಯಲ್ಲಿ ತಾರೀಖು ಬರೆದೆ. ಇಷ್ಟಕ್ಕೇ ಸುಮ್ಮನಿದ್ದರೆ ಅವರು ಇನ್ಸ್‌ಪೆಕ್ಟರು ಹೇಗಾದಾರು? ತಮಟೆ ಹೊಡೆಸಿ, ಸಾಹೇಬರು ಬರುತ್ತಾರೆ, ಮನೆ ಚೊಕ್ಕಟವಾಗಿರಲಿ ಎಂದು ಸಾರಿಸಿದರು.

ಮಾರನೆಯ ದಿನ ಜೀಪು ಬಂತು. ಊರಿಗೆ ಊರೇ ಹೊಸ ಮದುವಣಗಿತ್ತಿಯಂತೆ ಕೆಂಪಗೆ ನಿಂತಿತ್ತು. ಹುಡುಕಿದರೂ ಒಂದು ತಾರೀಖಿಲ್ಲ, ಡಿಡಿಟಿಯ ಬಿಳಿಯೂ ಇಲ್ಲ. ಎಲ್ಲಯ್ಯಾ ಹೊಡೆದಿದ್ದು ಎಂದು ಸಾಹೇಬರು ನನ್ನ ಕಡೆ ತಿರುಗಿದರು. ಪಟೇಲರ ಹೆಂಡತಿ ನನ್ನ ಪರವಾಗಿ ಮುಂದೆ ಬಂದಳು.

“ಹೊಡ್ದವ್ನೆ ಬುದ್ಧಿ. ಗೋಡೆ ತುಂಬ ಬೆಳ್ಳಗೆ ಕರೆ ಮಾಡಿ ಏನೇನೋ ಗೀಚಿದ್ದ. ನೀವು ಬತ್ತೀರಿ ಅಂತ ಹೆಂಗುಸ್ರೆಲ್ಲ ಸೇರ್ಕಂಡು ಸಗಣಿ ಕೆಮ್ಮಣ್ಣು ಕಲಸಿ, ಒಂದೂ ಕಾಣ್ದಂಗೆ ಬಳ್ದ್ಬುಟ್ಟಿವಿ.”

ಊರನ್ನು ಇಷ್ಟು ಚೊಕ್ಕಟವಾಗಿ ಇಡಿಸಿದ್ದಕ್ಕೆ ಇನ್ಸ್‌ಪೆಕ್ಟರಿಗೆ ಶಾಬಾಸ್‌ಗಿರಿ ಸಿಕ್ಕಿತು. ಒಂದು ಗೋಡೆಗೂ ಡಿಡಿಟಿ ಹೊಡೆಯದಿದ್ದುದಕ್ಕೆ ನನ್ನ ಕೆಲಸ ಹೋಯಿತು. ಎರಡೂ ಒಂದೇ ಕಾಗದದಲ್ಲಿ.

ಪಂಪು ಒಪ್ಪಿಸಿ, ಕಂಬಳಿಯಲ್ಲಿ ಎರಡು ಅಂಗಿ ಸುತ್ತಿ ಗಂಟು ಕಟ್ಟಿದೆ. ಬಸ್ಸು ಬರಲು ಹೊತ್ತಿತ್ತು. ಪಟೇಲರ ಹೆಂಡತಿ ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಉಸ್ಸೆಂದು ಹಿಂದಕ್ಕೆ ವಾಲಿದೆ.

“ಗೋಡೆಗೆ ಒರಗ್ಬ್ಯಾಡ ಕಣಪ್ಪ,” ಅಂದಳು, “ಇನ್ನೂ ಹಸಿ ಅದೆ.”