ಹದಿನೇಳನೇ ಕಲಮು

ಎಲ್ಲ ಎಡವಟ್ಟೂ ಶುರುವಾದದ್ದು ಶಾಲೆಯ ಮಾನ್ಯತೆ ಅರ್ಜಿಯ ಹದಿನೇಳನೇ ಕಲಮಿನಿಂದ. 'ಹಾಲಿ ಇರುವ ಮಕ್ಕಳ ಸಂಖ್ಯೆ' ಎಂದು ಅಲ್ಲಿ ಕೇಳಿದ್ದರು. ರಾಮಚಂದ್ರಪ್ಪನವರು ಇಪ್ಪತ್ತೆರಡು ಎಂದು ಬರೆಯಲು ಪೆನ್ನು ತೆಗೆದಾಗ ಬಂಗಾರಪೇಟೆಯ ಜೆರಾಕ್ಸ್ ಅಂಗಡಿಯ ಗೋಪಿ ಕೈ ಹಿಡಿದ.

"ಇಪ್ಪತ್ತೆರಡು ಅಂದ್ರೆ ಟ್ಯೂಷನ್ ಅನ್ಕೊಂತಾರೆ ಸಾರ್. ಅರವತ್ತು ಆಕಿ. ಯಾರು ಬಂದು ಎಣಿಸ್ತಾರೆ?"

ಎಣಿಸುವವರು ಇವತ್ತು ಹನ್ನೊಂದಕ್ಕೆ ಬರುವವರಿದ್ದರು. ಬೆಳಿಗ್ಗೆ ಎಂಟಕ್ಕೆ ಶಿಕ್ಷಣ ಇಲಾಖೆಯಿಂದ ಫೋನ್ ಬಂದಿತ್ತು.

ಕೆಜಿಎಫ್‌ನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದು, ಒಂದು ನಟ್ಟನ್ನೂ ಲೆಕ್ಕ ತಪ್ಪದಂತೆ ಕಾಯ್ದ ಮನುಷ್ಯ ರಾಮಚಂದ್ರಪ್ಪ. ನಿವೃತ್ತಿಯಾದ ಮೇಲೆ ಉರಿಗಾಂ ಆಚೆಯ ಹಳ್ಳಿಯಲ್ಲಿ 'ಹೊನ್ನಕಿರಣ ಪಬ್ಲಿಕ್ ಸ್ಕೂಲ್' ತೆರೆದರು. ಶಾಲೆ ಅಂದರೆ ಪಾಠ ಎಂದುಕೊಂಡಿದ್ದರು ಪಾಪ; ಅದು ಫೈಲು ಎಂದು ಆಮೇಲೆ ತಿಳಿಯಿತು. ಅಗ್ನಿಶಾಮಕದವರ ಎನ್‌ಒಸಿ, ಕಟ್ಟಡದ ಸುರಕ್ಷತಾ ಪತ್ರ, ಕುಡಿಯುವ ನೀರಿನ ವರದಿ, ಟ್ರಸ್ಟಿನ ನೋಂದಣಿ, ಮಕ್ಕಳ ರಕ್ಷಣೆಯ ಮುಚ್ಚಳಿಕೆ, ಎಲ್ಲಕ್ಕೂ ಮೂರು ಮೂರು ಪ್ರತಿ. ಎಲ್ಲವನ್ನೂ ಹೊಂದಿಸಿದ್ದರು. ಇನ್ನುಳಿದದ್ದು ಮಾನ್ಯತೆ ಒಂದೇ. ಅದು ಈ ಸಲ ಸಿಗದಿದ್ದರೆ ಮಕ್ಕಳನ್ನು ಬೇರೆ ಕಡೆ ಸೇರಿಸುತ್ತೇವೆಂದು ಪೋಷಕರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು. ಮಕ್ಕಳು ಹೋದರೆ ಶಾಲೆಗೆ ಬೀಗ.

"ಅದ್ಕ್ಯಾಕಪ್ಪ ತಲೆ ಮೇಲೆ ಕೈ ಒತ್ಕೊಂಡು ಕೂತಿದ್ದೀಯ?" ಅಂದಳು ಪಕ್ಕದ ಮನೆಯ ಅಂಜನಮ್ಮ, ಎಮ್ಮೆ ಹಗ್ಗ ಹಿಡಿದುಕೊಂಡೇ. ಅವಳ ಮೊಮ್ಮಗ ಚಂದನ್ ಇದೇ ಶಾಲೆಯ ಯುಕೆಜಿ. "ಎಣ್ಣು ನೋಡೋಕೆ ಬಂದ್ರೆ ಪಕ್ಕದ ಮನೆಯಿಂದ ಕುರ್ಚಿ ತರಲ್ವ? ಲೋಟ ತರಲ್ವ? ಅಂಗೇ ಮಕ್ಳನ್ನೂ ತರೋದು. ಎಷ್ಟು ಬೇಕು ಏಳು."

"ಮೂವತ್ತೆಂಟು, ಅಂಜನಕ್ಕ. ಆದ್ರೆ ಅದು ತಪ್ಪಲ್ವ?"

"ವಾಪಸ್ ಕೊಡ್ತೀವಲ್ಲ, ತಪ್ಪೆಂಗಾಯ್ತದೆ? ನೀನು ಚಿತ್ರಾನ್ನಕ್ಕೆ ಅಕ್ಕಿ ಆಕು. ನಾನು ಬತ್ತೀನಿ."

ರಾಮಚಂದ್ರಪ್ಪ ಹಾಜರಿ ಪುಸ್ತಕ ತೆಗೆದು ಕೂತರು. ಮೂವತ್ತೆಂಟು ಹೆಸರು ಹುಟ್ಟಿಸುವುದು ಹುಡುಗಾಟವಲ್ಲ. ಏಳನೆಯದಕ್ಕೇ ತಲೆ ಖಾಲಿ. ಆಗ ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿದ್ದ ಮದುವೆಯ ಲಗ್ನಪತ್ರಿಕೆ. 'ತಮ್ಮ ಸುಖಾಗಮನ ಬಯಸುವವರು' ಎಂಬ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಇಳಿಸಿಬಿಟ್ಟರು.

ಅಂಜನಮ್ಮ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಹತ್ತೂವರೆಗೆ ಮಕ್ಕಳು ಬರತೊಡಗಿದರು, ಬರುತ್ತಲೇ ಇದ್ದರು. ಬೆಂಚು ತುಂಬಿತು, ನೆಲ ತುಂಬಿತು, ಕಿಟಕಿ ತುಂಬಿತು. ಬಾಡಿಗೆ ಮಕ್ಕಳೇ ಎಪ್ಪತ್ತಾದವು. ಮಕ್ಕಳ ಹಿಂದೆ ಅಂಜನಮ್ಮನ ಎಮ್ಮೆಯೂ, ಗಾಲಿಕುರ್ಚಿಗೆಂದು ನಿಯಮದ ಪ್ರಕಾರ ಕಟ್ಟಿಸಿದ್ದ ಇಳಿಜಾರು ಹತ್ತಿ ಯುಕೆಜಿಗೆ ಬಂದು ಹಣ್ಣುಗಳ ಚಾರ್ಟನ್ನು ತಿನ್ನತೊಡಗಿತು.

ಅದೇ ಹೊತ್ತಿಗೆ ಜೀಪು ನಿಂತಿತು. ತಪಾಸಣೆಗೆ ಬಂದ ಇಂದ್ರಾಣಿ ಮೇಡಂ ನಗುವುದನ್ನು ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು ಎಮ್ಮೆಯನ್ನು ನೋಡಿದರು, ಇಳಿಜಾರನ್ನು ನೋಡಿದರು.

"ಇದು ತಾನಾಗೇ ಹತ್ತಿತಾ?"

"ಹೌದು ಮೇಡಂ," ಅಂದರು ರಾಮಚಂದ್ರಪ್ಪ.

"ಹಾಗಾದ್ರೆ ಇಳಿಜಾರು ಸರಿಯಾಗಿದೆ," ಎಂದು ಮೇಡಂ ಟಿಕ್ ಹಾಕಿದರು. "ಹಾಜರಿ ಕೂಗಿ."

ಮೊದಲ ಇಪ್ಪತ್ತೆರಡೂ, ಹುಟ್ಟಿಸಿದ ಆರೂ ಸಲೀಸಾಗಿ ಸಾಗಿದವು. ಮುಂದಿನ ಸಾಲಿಗೆ ಬಂದಾಗ ರಾಮಚಂದ್ರಪ್ಪ ಗಾಬರಿಯಲ್ಲಿ ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆಯೇ ಓದಿದರು.

"ಮುನಿಸ್ವಾಮಪ್ಪ, ನಿವೃತ್ತ ಗ್ರಾಮ ಲೆಕ್ಕಿಗರು."

ಮೂಲೆಯಿಂದ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತಿ "ಎಸ್ ಸಾರ್" ಅಂದಳು.

"ಶ್ರೀಮತಿ ಮುನಿಲಕ್ಷ್ಮಿ ಮತ್ತು ಮಕ್ಕಳು..."

"ಎಸ್ ಸಾರ್," ಅಂದ ಒಬ್ಬ ಹುಡುಗ, ಚಿತ್ರಾನ್ನದ ಪಾತ್ರೆಯಿಂದ ಕಣ್ಣು ಕೀಳದೆ.

ಇಂದ್ರಾಣಿ ಮೇಡಂ ಪೆನ್ನು ಕೆಳಗಿಟ್ಟರು. ಹುಡುಗಿಯ ಹತ್ತಿರ ಬಗ್ಗಿ, "ನಿಮ್ಮ ಮೇಷ್ಟ್ರ ಹೆಸರೇನಮ್ಮ?" ಎಂದು ಕೇಳಿದರು. ಅವಳು ಬಾಯಿ ಬಿಡುವ ಮೊದಲೇ ಎಪ್ಪತ್ತು ಮಕ್ಕಳೂ ಒಂದೇ ದನಿಯಲ್ಲಿ "ಮುನಿಯಪ್ಪ ಮೇಷ್ಟ್ರು" ಎಂದು ಕೂಗಿದವು.

ಕರೆದಂತೆ ಮುನಿಯಪ್ಪ ಮೇಷ್ಟ್ರೇ ಬಾಗಿಲಲ್ಲಿ ಪ್ರತ್ಯಕ್ಷರಾದರು. ಮುಂದಿನ ಬೀದಿಯ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್. ಬೆಳಿಗ್ಗೆಯಿಂದ ಖಾಲಿ ಶಾಲೆಯಲ್ಲಿ ಕೂತು ಬೇಸತ್ತು, ಕಂಕುಳಲ್ಲಿ ತಮ್ಮ ಹಾಜರಿ ಪುಸ್ತಕ ಇಟ್ಟುಕೊಂಡು ಮಕ್ಕಳನ್ನು ಹುಡುಕುತ್ತ ಬಂದಿದ್ದರು. ಒಳಗಿನ ಜಾತ್ರೆ ಕಂಡು ಕಂಕುಳಿನ ಪುಸ್ತಕವನ್ನು ಕೈಗೆ ತೆಗೆದುಕೊಂಡರು.

"ಮೇಡಂ, ಒಂದ್ನಿಮಿಷ ಕೊಡಿ," ಎಂದವರೇ ಅಲ್ಲೇ ನಿಂತು ತಮ್ಮ ಪುಸ್ತಕ ಬಿಚ್ಚಿ ಕೂಗಿದರು. ಒಂದೊಂದು ಹೆಸರಿಗೂ ಒಂದೊಂದು ಮಗು ಎದ್ದಿತು. ಕುರಿ ಮೇಯಿಸಲು ಹೋಗುವವನು ಎದ್ದ, ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಇರುತ್ತಿದ್ದವಳು ಎದ್ದಳು. ಎಪ್ಪತ್ತಕ್ಕೆ ಎಪ್ಪತ್ತು. "ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಜನಾನ ಒಟ್ಟಿಗೆ ನೋಡಿರ್ಲಿಲ್ಲ ಮೇಡಂ," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ಇಂದ್ರಾಣಿ ಮೇಡಂ ನಕ್ಕರು. ಜೀಪಿನ ಡ್ರೈವರ್ ಕೂಡ ಇಣುಕಿ ನೋಡಿದ.

"ರಾಮಚಂದ್ರಪ್ಪನವರೇ, ನಿಮಗೆ ನಿಜ ಹೇಳ್ತೀನಿ. ಮೇಷ್ಟ್ರ ಶಾಲೇಲಿ ಮಕ್ಕಳೇ ಬರಲ್ಲ ಅಂತ ಅದನ್ನ ಮುಚ್ಚೋ ವರದಿ ಬರೆಯೋಕೆ ನಾನು ಬಂದಿದ್ದೆ. ಆ ಎಪ್ಪತ್ತೂ ಮಕ್ಕಳನ್ನ ನಿಮ್ಮ ಶಾಲೆಗೇ ಸೇರಿಸಿ, ನಿಮಗೆ ಇವತ್ತೇ ಮಾನ್ಯತೆಗೆ ಶಿಫಾರಸು ಮಾಡೋಣ ಅಂತಿತ್ತು. ಇಪ್ಪತ್ತೆರಡಿದ್ರೂ ನಡೀತಿತ್ತು. ಈಗ ಹೇಗೆ ಮಾಡ್ಲಿ? ಪೂರ್ತಿ ಹಾಜರಿ ನಾನೇ ಕಣ್ಣಾರೆ ನೋಡಿದೀನಿ. ಇಷ್ಟು ಚೆನ್ನಾಗಿ ನಡೆಯೋ ಶಾಲೆ ಪಕ್ಕದಲ್ಲಿ, ಲಗ್ನಪತ್ರಿಕೆ ಓದೋ ಶಾಲೆಗೆ ಶಿಫಾರಸು ಬರೆಯೋಕಾಗಲ್ಲ."

ಮಕ್ಕಳು ಚಿತ್ರಾನ್ನ ಮುಗಿಸಿ, ಮೇಷ್ಟ್ರ ಹಿಂದೆ ಸಾಲಾಗಿ ಹೊರಟವು. ರಾಮಚಂದ್ರಪ್ಪ ಖಾಲಿ ಬೆಂಚಿನ ಮೇಲೆ ಕುಸಿದು ಕೂತರು. ಅವರಿಗೆ ಅಳು ಬರುವಂತಾಗಿತ್ತು. ಸ್ವಲ್ಪ ಹೊತ್ತಿಗೆ ಅಂಜನಮ್ಮ ಮೊಮ್ಮಗನ ಕೈ ಹಿಡಿದುಕೊಂಡು ಬಂದು ಎದುರು ನಿಂತಳು. ಅವಳ ಹಿಂದೆ ಬಾಗಿಲಲ್ಲಿ ಇನ್ನಷ್ಟು ತಾಯಂದಿರು.

"ಏನೂ ಅನ್ಕೊಬ್ಯಾಡ ಕಣಪ್ಪ. ಮೇಷ್ಟ್ರ ಸ್ಕೂಲು ಅಷ್ಟು ಚೆನ್ನಾಗೈತೆ ಅಂತ ಮೇಡಮ್ಮೇ ಏಳಿದ್ರಲ್ಲ, ನಮ್ಮ ಚಂದನ್‌ನ ಅಲ್ಲಿಗೇ ಆಕ್ತೀವಿ. ಇವ್ರೆಲ್ಲಾನೂ ಅಂಗೇ ಅಂತವ್ರೆ."

ರಾಮಚಂದ್ರಪ್ಪ ನಿಟ್ಟುಸಿರು ಬಿಟ್ಟು, ಬೀರುವಿನಿಂದ ಹೊಸ ಟಿಸಿ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

"ಅದೇನೂ ಬ್ಯಾಡ್ವಂತೆ ಬಿಡು," ಅಂದಳು ಅಂಜನಮ್ಮ ಸಮಾಧಾನವಾಗಿ. "ಮೇಡಂನ ಕೇಳ್ಕೊಂಡೇ ಬಂದೆ. ಮಾನ್ಯತೆ ಇಲ್ದಿರೋ ಸ್ಕೂಲಿನ ಟಿಸಿ ಲೆಕ್ಕಕ್ಕೇ ಬರಲ್ವಂತೆ."